ಮುಳ್ಳು ನಿಂತ ಮೀಟರು, ಹೈದರಾಬಾದಿನ ಉಸ್ತಾದರು

ಬ್ರೇಕ್ ಕೆಟ್ಟರೆ ಗಾಡಿ ಶೆಡ್ಡಿಗೆ ಹೋಗಲೇಬೇಕು. ಸ್ಪೀಡೋಮೀಟರ್ ಕೆಟ್ಟರೆ ಯಾರಿಗೂ ಅವಸರವಿಲ್ಲ. ಮುಳ್ಳು ಸೊನ್ನೆಯಲ್ಲೇ ಮಲಗಿದ್ದರೂ ಹಳೆಯ ಪಿಕಪ್ ಈರುಳ್ಳಿ, ಸಿಮೆಂಟು, ಮದುವೆ ಸಾಮಾನು ಹೊತ್ತು ಓಡುತ್ತಲೇ ಇರುತ್ತದೆ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಆಗಬೇಕು. ಅದರ ತಾರೀಕು ಹತ್ತಿರ ಬಂದಾಗಲೇ ಎಷ್ಟೋ ಮಾಲೀಕರಿಗೆ ಮೀಟರ್ ನೆನಪಾಗುವುದು. ಹೈದರಾಬಾದಿನಲ್ಲಾದರೆ ಆಗ ಪುತ್ಲಿಬೌಲಿ, ಸಿಕಂದರಾಬಾದಿನ ರಾಣಿಗಂಜ್, ಇಲ್ಲವೇ ವಿಜಯವಾಡ ರಸ್ತೆಯ ಆಟೋನಗರದ ದಾರಿ ಹಿಡಿಯಬೇಕು. ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ಮೀಟರ್ ಕೆಲಸವನ್ನೇ ನಂಬಿ ಬದುಕುವವರನ್ನು ಗಿರಾಕಿಗಳು ಕರೆಯುವುದು ‘ಉಸ್ತಾದ್’ ಎಂದೇ.

ಈ ಊರಿಗೂ ಸಣ್ಣ ಟ್ರಕ್ಕಿಗೂ ನಂಟು ಹಳೆಯದು. 1942ರಲ್ಲಿ ಇಲ್ಲಿ ಶುರುವಾದ ಆಲ್ವಿನ್ ಸಂಸ್ಥೆ ಬಸ್ಸಿನ ಬಾಡಿ, ಫ್ರಿಜ್, ಕೈಗಡಿಯಾರಗಳಿಗೆ ಹೆಸರಾಗಿತ್ತು. 1980ರ ದಶಕದಲ್ಲಿ ಜಪಾನಿನ ನಿಸ್ಸಾನ್ ಜೊತೆ ಸೇರಿ ಜಹೀರಾಬಾದಿನಲ್ಲಿ ಲಘು ಟ್ರಕ್ಕನ್ನೂ ತಯಾರಿಸಿತು. ಆ ಕಾರ್ಖಾನೆ ಮುಂದೆ ಮಹೀಂದ್ರದ ಕೈಸೇರಿತು. ಅಲ್ಲಿಂದ ಕರ್ನಾಟಕದ ಗಡಿ ಹತ್ತಿರ. ಬೀದರ್, ಹುಮನಾಬಾದ್ ಕಡೆಯ ಪಿಕಪ್‌ಗಳು ಹೈದರಾಬಾದಿಗೆ ಬರುವುದು ಇದೇ ಜಹೀರಾಬಾದಿನ ಮೇಲೆ.

ಮೀಟರಿನ ಮಾತಿಗೆ ಬಂದರೆ, ಹಳೆಯ ಗಾಡಿಯ ಮುಳ್ಳಿಗೆ ಬ್ಯಾಟರಿಯ ಹಂಗಿಲ್ಲ. ಗೇರ್ ಬಾಕ್ಸಿನಲ್ಲಿರುವ ಪುಟ್ಟ ಹಲ್ಲುಚಕ್ರ ಉಕ್ಕಿನ ಕೇಬಲನ್ನು ತಿರುಗಿಸುತ್ತದೆ, ಕೇಬಲ್ ಡ್ಯಾಶ್‌ಬೋರ್ಡಿನ ಹಿಂದಿರುವ ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತಕ್ಕೆ ತಾಗಿಯೂ ತಾಗದಂತೆ ಒಂದು ಅಲ್ಯೂಮಿನಿಯಂ ಬಟ್ಟಲು. ಸುತ್ತುವ ಕಾಂತಕ್ಷೇತ್ರ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಅದನ್ನು ಮುಂದಕ್ಕೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು.

ಒಳ್ಳೆಯ ಉಸ್ತಾದ್ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕಿಲೋಮೀಟರ್ ಅಂಕಿ ಓಡುತ್ತಿದೆಯೇ? ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಮುಳ್ಳೂ ಏಳದೆ ಅಂಕಿಯೂ ಓಡದೆ ಇದ್ದರೆ ಬಹುಮಟ್ಟಿಗೆ ತಪ್ಪು ಮೀಟರಿನದಲ್ಲ. ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಗೇರ್ ಬಾಕ್ಸ್ ಕಡೆಯ ಹಲ್ಲು ಸವೆದಿರುತ್ತದೆ. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಮೀಟರ್ ಬಿಚ್ಚಲೇಬೇಕು. ಮುಳ್ಳು ಸರಿಯಿದ್ದು ಅಂಕಿ ನಿಂತಿದ್ದರೆ ಒಳಗಿನ ಯಾವುದೋ ಸಣ್ಣ ಚಕ್ರ ಸೀಳಿದೆ ಎಂದು ಅರ್ಥ. ಮುಳ್ಳು ನಡುಗುತ್ತಾ ಕುಣಿಯುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಅತಿಯಾಗಿ ಬಾಗಿದೆ. ಇಷ್ಟನ್ನೂ ಕೇಳದೆ ‘ಹೊಸ ಮೀಟರ್ ಹಾಕಿಸಿ’ ಎನ್ನುವವನು ವ್ಯಾಪಾರಿ, ಉಸ್ತಾದ್ ಅಲ್ಲ.

ಕೇಬಲಿನ ಇನ್ನರ್ (ಒಳಗೆ ಸುತ್ತುವ ಉಕ್ಕಿನ ತಂತಿ) ಹೊರಗೆಳೆದರೆ ಕಣ್ಣಿಗೇ ಸಾಕ್ಷಿ ಸಿಗುತ್ತದೆ. ಚೌಕ ತುದಿಯ ಅಂಚು ಸವೆದು ದುಂಡಗಾಗಿದ್ದರೆ ಅದು ಗೂಡಿನಲ್ಲಿ ಜಾರುತ್ತಿದೆ. ನೆಲದ ಮೇಲೆ ಉದ್ದಕ್ಕೆ ಚಾಚಿ ಒಂದು ತುದಿಯನ್ನು ಬೆರಳಲ್ಲಿ ಹೊರಳಿಸಿದರೆ ಇನ್ನೊಂದು ತುದಿ ಎಗರದೆ, ತಡವಾಗದೆ ತಿರುಗಬೇಕು. ಗ್ರೀಸ್ ಹಚ್ಚುವುದಕ್ಕೂ ಲೆಕ್ಕವಿದೆ. ಗೇರ್ ಬಾಕ್ಸ್ ಕಡೆಯಿಂದ ತೆಳ್ಳಗೆ ಹಚ್ಚಿ, ಮೀಟರ್ ಕಡೆಯ ಗೇಣುದ್ದವನ್ನು ಹಾಗೇ ಬಿಡಬೇಕು. ಇಲ್ಲವಾದರೆ ಸುತ್ತುವ ಕೇಬಲೇ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಮೀಟರಿನೊಳಗೆ ಜಿಡ್ಡು ಕಟ್ಟಿ ಬಟ್ಟಲು ಅಯಸ್ಕಾಂತಕ್ಕೆ ಅಂಟಿತೆಂದರೆ ಮುಳ್ಳು ಒಮ್ಮೆಲೇ ಕೊನೆಯ ಅಂಕಿಗೆ ಹಾರುತ್ತದೆ. ಇನ್ನರ್ ಪೂರ್ತಿ ಎಣ್ಣೆಯಲ್ಲಿ ನೆನೆದಿದ್ದರೆ ಗೇರ್ ಬಾಕ್ಸಿನ ಆಯಿಲ್ ಸೀಲ್ ಹೋಗಿದೆ. ಅದನ್ನು ಬದಲಿಸದೆ ಹೊಸ ಕೇಬಲ್ ಹಾಕಿಸುವುದು ದಂಡದ ಖರ್ಚು. 

ಮೀಟರ್ ಬಿಚ್ಚಿದ ಮೇಲೆ ಕೈ ಹಗುರವಾಗಿರಬೇಕು. ಮುಳ್ಳು ಕೀಳುವಾಗ ಸ್ಪ್ರಿಂಗ್ ಎಳೆದುಹೋದರೆ ಅಳತೆ ಪೂರ್ತಿ ಕೆಡುತ್ತದೆ. ಜೋಡಿಸಿದ ನಂತರ ಮೋಟಾರಿನಿಂದ ತಿರುಗಿಸಿ ನೋಡುವುದು ಕ್ರಮ. ಜಪಾನಿ ಮಾನದಂಡದ ಮೀಟರಿಗೆ ಕಿಲೋಮೀಟರಿಗೆ 637 ಸುತ್ತು. ಅಂದರೆ ನಿಮಿಷಕ್ಕೆ 637 ಸುತ್ತು ಕೊಟ್ಟಾಗ ಮುಳ್ಳು 60ರಲ್ಲಿ ನಿಲ್ಲಬೇಕು. ಮೀಟರ್ ನಿರ್ದೋಷಿಯಾಗಿದ್ದೂ ವೇಗ ತಪ್ಪು ತೋರಿಸಿದರೆ ಟೈರ್ ನೋಡಬೇಕು. ಹೆಚ್ಚು ಭಾರ ಹೇರಲೆಂದು ದೊಡ್ಡ ಟೈರ್ ಹಾಕಿಸಿದ ಗಾಡಿ, ಮೀಟರ್ ಹೇಳುವುದಕ್ಕಿಂತ ವೇಗವಾಗಿ ಓಡುತ್ತಿರುತ್ತದೆ.

ಕೇಬಲ್ ಇಲ್ಲದ ಗಾಡಿಗಳಲ್ಲಿ ಗೇರ್ ಬಾಕ್ಸಿನ ಸೆನ್ಸರ್ ಸಂಕೇತ ಕಳಿಸುತ್ತದೆ. ಅಲ್ಲಿ ಫ್ಯೂಸ್, ಕೆಸರು ಹೊಕ್ಕ ಕನೆಕ್ಟರ್, ಅರ್ತ್ ತಂತಿ ಇಷ್ಟನ್ನು ಮೊದಲು ನೋಡಬೇಕು. ಸೆನ್ಸರ್, ಮೀಟರ್ ಬೋರ್ಡಿನ ಸರದಿ ಆಮೇಲೆ.

ಇದೇ ಕೈಚಳಕದಿಂದ ಅಂಕಿ ಹಿಂದಕ್ಕೆ ತಿರುಗಿಸಿ ಗಾಡಿ ಮಾರುವವರೂ ಇದ್ದಾರೆ. ಅದು ರಿಪೇರಿಯಲ್ಲ, ಮೋಸ. ಆಯಿಲ್ ಬದಲಾವಣೆಯಿಂದ ಹಿಡಿದು ಡೀಸೆಲ್ ಲೆಕ್ಕದವರೆಗೆ ಎಲ್ಲವೂ ಆ ಅಂಕಿಯನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಮೀಟರ್ ಬಿಚ್ಚಿಸುವ ಮುನ್ನ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲಿನ ಮೇಲೆ ತಾರೀಕಿನ ಜೊತೆ ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಬರೆಸಿ, ಗಾಡಿ ಮಾರುವಾಗ ಆ ಬಿಲ್ಲನ್ನೂ ಕೊಡಿ.