ಮೋಟರ್ ಓಡ್ತಿದೆ, ನೀರು ಏರ್ತಿಲ್ವಾ? ಮೊದಲು ಗಾಳಿ ಹುಡುಕಿ

ಬೇಸಿಗೆ ಬಂತು ಅಂದ್ರೆ ನನ್ನ ಫೋನಿಗೆ ಬರೋ ಪ್ರಶ್ನೆ ಇದೇ: "ಅಣ್ಣಾ, ಮೋಟರ್ ತಿರುಗ್ತಿದೆ, ನೀರೇ ಬರ್ತಿಲ್ಲ." ತೆರೆದ ಬಾವಿಯ ದಂಡೆ ಮೇಲಿನ ಪಂಪಾದರೆ ಹೆಚ್ಚಿನ ಸಲ ಕಾರಣ ಪೈಪಿನೊಳಗಿನ ಗಾಳಿ.

ಪಂಪಿನೊಳಗೆ ಒತ್ತಡ ಇಳಿದಾಗ ಹೊರಗಿನ ವಾಯುಭಾರವೇ ನೀರನ್ನು ಮೇಲಕ್ಕೆ ತಳ್ಳುತ್ತೆ. ಲೆಕ್ಕದಲ್ಲಿ ಇದು ಸುಮಾರು 10 ಮೀಟರ್. ತೋಟದಲ್ಲಿ 6-7 ಮೀಟರ್ ಸಿಕ್ಕರೆ ಹೆಚ್ಚು. ಆದ್ದರಿಂದ ಆಳವನ್ನು ಮೇ ತಿಂಗಳ ನೀರಿನ ಮಟ್ಟಕ್ಕೆ ಅಳೆಯಿರಿ.

ಕೂರಿಸುವಾಗ
• ಪಂಪು ಬಾವಿಗೆ ಆದಷ್ಟು ಹತ್ತಿರ, ಗಟ್ಟಿ ಕಟ್ಟೆ ಮೇಲಿರಲಿ. ಅರ್ಥಿಂಗ್ ಬೇಕೇ ಬೇಕು.
• ಸಕ್ಷನ್ ಪೈಪು ಪಂಪಿನ ಕಡೆಗೆ ಏರುತ್ತಲೇ ಹೋಗಲಿ. ನಡುವೆ ಉಬ್ಬಿದ್ದರೆ ಗಾಳಿ ಅಲ್ಲೇ ನಿಲ್ಲುತ್ತೆ.
• ಫುಟ್ ವಾಲ್ವ್ ಸದಾ ನೀರಲ್ಲಿ ಮುಳುಗಿರಲಿ, ಕೆಸರಿಗೆ ತಾಗದಿರಲಿ.

ನೀರು ತುಂಬಿಸುವಾಗ
1. ಮೇನ್ ಸ್ವಿಚ್ ಆಫ್ ಮಾಡಿ.
2. ಪಂಪಿನ ಮೇಲಿನ ಪ್ಲಗ್ ಬಿಚ್ಚಿ, ನಿಧಾನ ನೀರು ಹಾಕಿ. ಗುಳ್ಳೆ ನಿಲ್ಲೋವರೆಗೂ ಬಿಡಬೇಡಿ.
3. ಪ್ಲಗ್ ಬಿಗಿ ಮಾಡಿ ಮೋಟರ್ ಹಾಕಿ. ಒಂದೆರಡು ನಿಮಿಷದಲ್ಲಿ ನೀರು ಬರದಿದ್ದರೆ ಆಫ್ ಮಾಡಿ ಮತ್ತೆ ತುಂಬಿಸಿ. ಒಣಗಿ ಓಡಿದರೆ ಸೀಲ್ ಸುಟ್ಟುಹೋಗುತ್ತೆ.

ಹಾಕಿದ ನೀರು ಇಳೀತಾನೇ ಇದ್ರೆ ಫುಟ್ ವಾಲ್ವ್ ಸೋರ್ತಿದೆ; ಕಸ ಸಿಕ್ಕಿದೆಯಾ ನೋಡಿ. ನೀರು ನಿಂತರೂ ಪಂಪು ಎಳೆಯದಿದ್ರೆ ಸಕ್ಷನ್ ಜಾಯಿಂಟುಗಳನ್ನು ಪರೀಕ್ಷಿಸಿ.

ಕೊನೆಗೊಂದು ಮಾತು: ನೀರು ಕೆಳಗಿಳಿಯಿತೆಂದು ಡೀಸೆಲ್ ಅಥವಾ ಪೆಟ್ರೋಲ್ ಎಂಜಿನನ್ನು ಬಾವಿಯೊಳಗೆ ಇಳಿಸಿ ಓಡಿಸಲೇಬೇಡಿ. ಅದರ ಹೊಗೆ ಪ್ರಾಣ ತೆಗೆಯುತ್ತೆ. ಒಂದು ದಿನ ಗಿಡ ಬಾಡಿದ್ರೂ ಪರವಾಗಿಲ್ಲ.