ಮೂಲ ಸಂಕೇತದಿಂದ ಕನ್ನಡದ ಪರದೆಗೆ: ‘ಟಕ್ಸ್ ಪೇಂಟ್’ ಕಟ್ಟಿಕೊಳ್ಳುವ ಬಗೆ

ಜತ್ತ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯ ಮಗು ಬಾಲಭಾರತಿ ಪ್ರಕಟಿಸಿದ ಗಣಿತದ ಪುಸ್ತಕವನ್ನು ಕನ್ನಡದಲ್ಲಿಯೇ ಓದುತ್ತದೆ. ಅದೇ ಮಗು ಗಣಕಯಂತ್ರದ ಮುಂದೆ ಕುಳಿತಾಗ ಪರದೆಯ ಮೇಲಿನ ಪದಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಶಾಲೆಗೆ ಸೇರಿಸಿದರೆ ಮಗು ಕಂಪ್ಯೂಟರಿನಲ್ಲಿ ಹಿಂದೆ ಬೀಳುವುದೇನೋ ಎಂಬ ಪಾಲಕರ ಅಳುಕು ಹುಟ್ಟುವುದು ಇಲ್ಲಿಯೇ. ಆದರೆ ಪರದೆಯ ಭಾಷೆಯನ್ನು ನಾವೇ ಬದಲಿಸಿಕೊಳ್ಳಲು ಅವಕಾಶವಿರುವ ತಂತ್ರಾಂಶಗಳೂ ಇವೆ. ಅಂಥದ್ದೊಂದನ್ನು ಅದರ ಮೂಲದಿಂದಲೇ ಕಟ್ಟಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮಕ್ಕಳು ಚಿತ್ರ ಬಿಡಿಸಲೆಂದು ರೂಪಿಸಿದ ‘ಟಕ್ಸ್ ಪೇಂಟ್’ 2002ರಲ್ಲಿ ಹೊರಬಂದಿತು. ಇದನ್ನು ಆರಂಭಿಸಿದವರು ಅಮೆರಿಕದ ಬಿಲ್ ಕೆಂಡ್ರಿಕ್. ಇದಕ್ಕೆ ಶುಲ್ಕವಿಲ್ಲ. ಜಿಪಿಎಲ್ ಎಂಬ ಪರವಾನಗಿಯಡಿ ಯಾರು ಬೇಕಾದರೂ ಇದನ್ನು ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಅದೇ ಪರವಾನಗಿಯಡಿ ಇತರರಿಗೆ ಹಂಚಬಹುದು. ಇದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಹಿಟ್ಟು ಮತ್ತು ರೊಟ್ಟಿ

ತಂತ್ರಾಂಶ ಬರೆಯುವವರು ಮನುಷ್ಯರು ಓದಬಲ್ಲ ಸಾಲುಗಳಲ್ಲಿ ಸೂಚನೆಗಳನ್ನು ಬರೆಯುತ್ತಾರೆ. ಇದೇ ಮೂಲ ಸಂಕೇತ, ಅರ್ಥಾತ್ ಸೋರ್ಸ್ ಕೋಡ್. ಯಂತ್ರಕ್ಕೆ ಇದು ನೇರವಾಗಿ ತಿಳಿಯದು. ಅದನ್ನು ಯಂತ್ರದ ಭಾಷೆಗೆ ಮಾರ್ಪಡಿಸುವ ಕೆಲಸವೇ ಕಂಪೈಲ್ ಮಾಡುವುದು. ಮೂಲ ಸಂಕೇತ ಜೋಳದ ಹಿಟ್ಟಾದರೆ, ಸಿದ್ಧ ತಂತ್ರಾಂಶ ಬೇಯಿಸಿದ ರೊಟ್ಟಿ. ಬೆಂದ ರೊಟ್ಟಿಗೆ ಉಪ್ಪು ಬೆರೆಸಲಾಗದು. ಹಿಟ್ಟು ಕೈಯಲ್ಲಿದ್ದರೆ ನಮ್ಮ ರುಚಿಗೆ ತಕ್ಕಂತೆ ನಾದಿಕೊಳ್ಳಬಹುದು.

ಕೇವಲ ಬಳಕೆಗೆ ಬೇಕಾದವರು ಸಿದ್ಧ ಪ್ಯಾಕೇಜನ್ನೇ ಅಳವಡಿಸಿಕೊಂಡರೆ ಸಾಕು. ಪರದೆಯ ಮೇಲಿನ ಒಂದು ಕನ್ನಡ ಪದ ತಪ್ಪಾಗಿದ್ದರೆ, ನಮ್ಮ ಭಾಗದ ಮಕ್ಕಳಿಗೆ ತಿಳಿಯದಂತಿದ್ದರೆ ಅಥವಾ ಅನುವಾದವೇ ಆಗದೆ ಉಳಿದಿದ್ದರೆ ಮೂಲಕ್ಕೆ ಕೈ ಹಾಕಬೇಕಾಗುತ್ತದೆ.

ಕಟ್ಟುವ ಕ್ರಮ

ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಕೆಲಸ ಸುಲಭ. ಆದೇಶಗಳನ್ನು ಟರ್ಮಿನಲ್ ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು.

ಮೊದಲು ಸಲಕರಣೆಗಳು. ಟಕ್ಸ್ ಪೇಂಟ್ ‘ಸಿ’ ಭಾಷೆಯಲ್ಲಿದೆ. ಆದುದರಿಂದ ಜಿಸಿಸಿ ಎಂಬ ಕಂಪೈಲರ್, ‘ಮೇಕ್’ ಮತ್ತು ಅನುವಾದಕ್ಕಾಗಿ ‘ಗೆಟ್‌ಟೆಕ್ಸ್ಟ್’ ಬೇಕು. ಇದರೊಡನೆ ಎಸ್‌ಡಿಎಲ್, ಪ್ಯಾಂಗೊ ಮುಂತಾದ ಗ್ರಂಥಾಲಯಗಳು, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಸಂಕೇತ ಭಾಗಗಳು ಬೇಕು. ಹೊಸಬರು ಎಡವುವುದು ಇಲ್ಲಿಯೇ. ಗ್ರಂಥಾಲಯ ಯಂತ್ರದಲ್ಲಿದ್ದರೂ ಅದರ ‘ಡೆವ್’ ಎಂದು ಕೊನೆಗೊಳ್ಳುವ ಜೊತೆ ಪ್ಯಾಕೇಜ್ ಇರದಿದ್ದರೆ ಕಂಪೈಲ್ ಆಗದು.

ಎರಡನೆಯದು, ಇಳಿಸಿಕೊಂಡ ಮೂಲ ಸಂಕೇತದ ಗಂಟನ್ನು ಬಿಚ್ಚುವುದು. ಒಳಗಿನ ‘ಪಿಒ’ ಎಂಬ ಕಡತಕೋಶದಲ್ಲಿ ಪ್ರತಿ ಭಾಷೆಗೊಂದು ಕಡತವಿದೆ. ಕನ್ನಡದ ಕಡತದ ಹೆಸರು ‘ಕೆಎನ್’ ಎಂಬ ಎರಡು ಅಕ್ಷರ. ಅದನ್ನು ಸಾಮಾನ್ಯ ಪಠ್ಯ ಸಂಪಾದಕದಲ್ಲಿಯೇ ತೆರೆಯಬಹುದು. ಮೇಲಿನ ಸಾಲಿನಲ್ಲಿ ಇಂಗ್ಲಿಷ್ ಪದ, ಕೆಳಗಿನ ಸಾಲಿನಲ್ಲಿ ಅದರ ಕನ್ನಡ. ತಿದ್ದಬೇಕಾದುದು ಕೆಳಗಿನ ಸಾಲನ್ನು ಮಾತ್ರ. ಉದ್ಧರಣ ಚಿಹ್ನೆಗಳನ್ನೂ ಶೇಕಡಾ ಚಿಹ್ನೆಯಿಂದ ಆರಂಭವಾಗುವ ಗುರುತುಗಳನ್ನೂ ಅಳಿಸಬಾರದು. ಮೇಲೆ ‘ಫಜಿ’ ಎಂಬ ಗುರುತಿದ್ದರೆ ಆ ಅನುವಾದ ಸಂಶಯಾಸ್ಪದವೆಂದು ಅರ್ಥ. ಪದವನ್ನು ಪರಿಶೀಲಿಸಿ ಆ ಗುರುತನ್ನು ತೆಗೆಯದಿದ್ದರೆ ಕನ್ನಡ ಬರೆದಿದ್ದರೂ ಪರದೆಯಲ್ಲಿ ಇಂಗ್ಲಿಷೇ ಕಾಣುತ್ತದೆ.

ಮೂರನೆಯದು, ಮೂಲ ಸಂಕೇತದ ಕೋಶದಲ್ಲಿ ನಿಂತು ‘ಮೇಕ್’ ಆದೇಶ ಕೊಡುವುದು. ಪರದೆಯ ಮೇಲೆ ಸಾಲುಗಳು ಓಡತೊಡಗುತ್ತವೆ. ‘ವಾರ್ನಿಂಗ್’ ಎಂದರೆ ಎಚ್ಚರಿಕೆ ಮಾತ್ರ, ಕೆಲಸ ಮುಂದುವರಿಯುತ್ತದೆ. ‘ಎರರ್’ ಬಂದು ನಿಂತರೆ ಕೊನೆಯ ಸಾಲನ್ನಲ್ಲ, ಮೊದಲು ಕಾಣಿಸಿಕೊಂಡ ದೋಷವನ್ನು ಓದಬೇಕು. ಬಹುಪಾಲು ಯಾವುದೋ ಒಂದು ಗ್ರಂಥಾಲಯ ಇಲ್ಲವೆಂದೇ ಅದು ಹೇಳುತ್ತಿರುತ್ತದೆ. ಅದನ್ನು ಅಳವಡಿಸಿ ಮತ್ತೆ ‘ಮೇಕ್’ ಕೊಡಬೇಕು.

ಕೊನೆಯದು, ನಿರ್ವಾಹಕರ ಅಧಿಕಾರದೊಂದಿಗೆ ‘ಮೇಕ್ ಇನ್‌ಸ್ಟಾಲ್’. ಶಾಲೆಯ ಯಂತ್ರವಾದರೆ ಮುಖ್ಯಾಧ್ಯಾಪಕರ ಅನುಮತಿ ಪಡೆದು, ಇರುವ ಕಡತಗಳ ಪ್ರತಿ ತೆಗೆದಿಟ್ಟು ಈ ಕೆಲಸಕ್ಕೆ ಇಳಿಯುವುದು ಒಳಿತು.

ಕನ್ನಡ ಕಾಣದಿದ್ದರೆ

ಭಾಷೆಯನ್ನು ಕನ್ನಡವೆಂದು ಆರಿಸಿದರೂ ಇಂಗ್ಲಿಷೇ ಕಂಡರೆ, ಲಿನಕ್ಸ್ ವ್ಯವಸ್ಥೆಯಲ್ಲಿಯೇ ಕನ್ನಡದ ‘ಲೊಕೇಲ್’ ಸಕ್ರಿಯವಾಗಿಲ್ಲವೆಂದು ತಿಳಿಯಬೇಕು. ಅಕ್ಷರಗಳ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಉಚಿತವಾಗಿ ದೊರೆಯುತ್ತವೆ.

ಒತ್ತಕ್ಷರದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ‘ಜತ್ತ’ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಮಾತ್ರ ಅದು ಜ, ತ, ಹಲಂತ ಚಿಹ್ನೆ, ಮತ್ತೊಂದು ತ ಎಂಬ ನಾಲ್ಕು ಸಂಕೇತಗಳು. ಎರಡನೆಯ ತಕಾರವನ್ನು ಒತ್ತಾಗಿಸಿ ಮೊದಲಿನದಕ್ಕೆ ಹೊಂದಿಸುವ ಕೆಲಸ ಪ್ಯಾಂಗೊದಂಥ ಗ್ರಂಥಾಲಯದ್ದು. ಅದರ ನೆರವಿಲ್ಲದೆ ಅಕ್ಷರಗಳನ್ನು ಬರಿದೇ ಸಾಲಾಗಿ ಜೋಡಿಸಿದರೆ ಮಗು ತನ್ನ ಊರಿನ ಹೆಸರನ್ನು ಒಡೆದ ರೂಪದಲ್ಲಿ ನೋಡಬೇಕಾಗುತ್ತದೆ. ಇಂಗ್ಲಿಷಿಗೆ ಈ ತೊಡಕಿಲ್ಲ. ಕನ್ನಡದಲ್ಲಿ ಮಾತ್ರ ಇದನ್ನು ಪರೀಕ್ಷಿಸಿ ನೋಡಲೇಬೇಕು.

ತಿದ್ದಿದ ಪದ ನಮ್ಮ ಯಂತ್ರದಲ್ಲಿಯೇ ಉಳಿದರೆ ಲಾಭ ಒಂದು ಶಾಲೆಗೆ ಮಾತ್ರ. ಆ ಕಡತವನ್ನು ಟಕ್ಸ್ ಪೇಂಟ್ ಯೋಜನೆಯವರಿಗೆ ಕಳುಹಿಸಿ, ಅವರು ಒಪ್ಪಿದರೆ, ಮುಂದಿನ ಆವೃತ್ತಿಯಲ್ಲಿ ಅದು ಅಕ್ಕಲಕೋಟೆಯ ಮಗುವಿಗೂ ಕಾಸರಗೋಡಿನ ಮಗುವಿಗೂ ಸಿಗುತ್ತದೆ. ಕಂಪೈಲ್ ಮಾಡುವ ಕೆಲಸವನ್ನು ಎಂಟು, ಒಂಬತ್ತನೆಯ ತರಗತಿಯ ಆಸಕ್ತ ವಿದ್ಯಾರ್ಥಿ ಶಿಕ್ಷಕರ ನೆರವಿನಿಂದ ಕಲಿಯಬಲ್ಲ. ಯಾವ ಪದ ಮಕ್ಕಳಿಗೆ ಒಪ್ಪುತ್ತದೆಂದು ಹೇಳಲು ಆ ನೆರವೂ ಬೇಕಿಲ್ಲ. ಮನೆಯಲ್ಲಿ ಕನ್ನಡ ಆಡುವ ತಾಯಿ, ಅಜ್ಜಿಯರನ್ನು ಕೇಳಿದರೆ ಸಾಕು.