ಫಾಸ್ಟ್ ಕಾರು ಕೆಟ್ಟು ನಿಂತಾಗ: ಮೆಂಟೆನೆನ್ಸ್, ಮಾಡಿಫಿಕೇಶನ್, ಟೋಯಿಂಗ್ ಮೂರರ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಕಾರಿನ ಹುಚ್ಚು ಇರೋರಿಗೆ. ಇನ್ನೂ ಕಾರು ತಗೊಳ್ಳದೆ ಬರೀ ರೀಲ್ಸ್ ನೋಡ್ತಾ ಕೂತಿರೋರಿಗೆ ಇನ್ನೂ ಚೆನ್ನಾಗಿ ಉಪಯೋಗಕ್ಕೆ ಬರುತ್ತೆ. ಯಾಕಂದ್ರೆ ನಾನು ಮಾಡಿದ ತಪ್ಪು ಮಾಡೋಕೆ ನಿಮಗೆ ಇನ್ನೂ ಅವಕಾಶ ಸಿಕ್ಕಿಲ್ಲ!

ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡ್ತೀನಿ.

ಆ ಭಾನುವಾರ

ನಮ್ಮದು ಶಿಡ್ಲಘಟ್ಟ. ಅಪ್ಪ ರೇಷ್ಮೆ ಬೆಳೆಗಾರರು. ನಾನು ಬಿ.ಕಾಂ ಮುಗಿಸಿ, ನಾಲ್ಕು ವರ್ಷ ಅಕೌಂಟ್ಸ್ ಕೆಲಸ ಮಾಡಿ, ಉಳಿಸಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದು ತಗೊಂಡೆ. ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಬ್ರ್ಯಾಂಡ್ ಹೆಸರು ಹೇಳಲ್ಲ, ಯಾಕಂದ್ರೆ ತಪ್ಪು ಕಾರಿನದ್ದಲ್ಲ, ನನ್ನದು.

ತಗೊಂಡ ಮೂರೇ ತಿಂಗಳಿಗೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ, ಮುಂದಿನ ಬಂಪರ್ ಕೆಳಗೆ ಲಿಪ್ ಅಂಟಿಸಿದೆ. 38 ಸಾವಿರ ಖರ್ಚಾಯ್ತು. ಅದೇ ಟೈಮಲ್ಲಿ ಮೆಕ್ಯಾನಿಕ್ ಅಣ್ಣ ಒಬ್ರು ಹೇಳಿದ್ರು, "ರೇಡಿಯೇಟರ್ ಹೋಸ್ ಪೈಪ್ ಗಟ್ಟಿಯಾಗಿದೆ, ಬದಲಾಯಿಸಿಬಿಡಪ್ಪ" ಅಂತ. ಮುಂದಿನ ಸರ್ವಿಸಲ್ಲಿ ನೋಡೋಣ ಅಂದೆ.

ಡಿಸೆಂಬರ್, ಭಾನುವಾರ. ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿ, ಅಲ್ಲಿಂದ ಚಿಂತಾಮಣಿಲಿ ಫ್ರೆಂಡ್ ಮನೆಗೆ ಹೊರಟೆ. ಶಿಡ್ಲಘಟ್ಟ ದಾಟಿ ಸ್ವಲ್ಪ ದೂರ ಬಂದಿದ್ದೆ. ಟೆಂಪರೇಚರ್ ವಾರ್ನಿಂಗ್ ಬಂತು, ಬಾನೆಟ್ ಕೆಳಗಿಂದ ಹಬೆ. ಪುಣ್ಯಕ್ಕೆ ತಕ್ಷಣ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಆ ಹೋಸ್ ಪೈಪ್ ಸೀಳಿತ್ತು.

ಅಪ್ಪನಿಗೆ ಫೋನ್ ಮಾಡಿದೆ. ಗೂಡು ಸಾಗಿಸೋ ಪಿಕಪ್ ತಗೊಂಡು, ಹಗ್ಗದ ಸಮೇತ ಬಂದ್ರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಕೇಳಿದ್ರು: "ಇಷ್ಟೆಲ್ಲಾ ಹಾಕ್ಸಿದೀಯ, ಹಗ್ಗ ಕಟ್ಟೋಕೆ ಒಂದು ಕೊಕ್ಕೆ ಇಟ್ಕೊಂಡಿಲ್ವೇನೋ?"

ಇರ್ಲಿಲ್ಲ. ಬಂಪರ್‌ನಲ್ಲಿರೋ ತೂತಿಗೆ ತಿರುಗಿಸಿ ಕೂರಿಸೋ ಟೋಯಿಂಗ್ ಹುಕ್, ಸ್ಟೆಪ್ನಿ ಜೊತೆ ಇರಬೇಕಾದ್ದು. ಹಳೇ ಓನರ್ ಕೊಟ್ಟಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಕೊನೆಗೆ ಕ್ರೇನ್ ಬಂತು. ಮುಂದುಗಡೆ ಎತ್ತೋಕೆ ನೋಡಿದ್ರೆ ಲಿಪ್ ಅಡ್ಡ, ಗಾಡಿ ನೆಲಕ್ಕೆ ಅಂಟಿದಂಗಿದೆ. "ಹಿಂದ್ಗಡೆ ಎತ್ಕೊಂಡು ಹೋಗ್ತೀನಿ ಸಾರ್" ಅಂದ್ರು. ನಾನೂ ಹ್ಞೂಂ ಅಂದೆ. ಬೆಂಗಳೂರಿನ ವರ್ಕ್‌ಶಾಪ್‌ವರೆಗೂ ಮುಂದಿನ ಎರಡು ಚಕ್ರ ರಸ್ತೆ ಮೇಲೆ ಉರುಳ್ತಾನೇ ಇತ್ತು. ನನ್ನದು ಫ್ರಂಟ್ ವೀಲ್ ಡ್ರೈವ್ ಕಾರು.

ಕೆಲವೇ ಸಾವಿರದಲ್ಲಿ ಮುಗೀಬೇಕಿದ್ದ ಹೋಸ್ ಪೈಪ್ ಕೆಲಸ, ಗೇರ್‌ಬಾಕ್ಸ್ ಬಿಚ್ಚಿದ ಮೇಲೆ 1 ಲಕ್ಷ 70 ಸಾವಿರದ ಬಿಲ್ ಆಯ್ತು. ಕ್ರೇನ್ ಅಣ್ಣನ ಮೇಲೆ ನನಗೆ ಕೋಪ ಇಲ್ಲ. ಅವರು ಕೇಳಿದ್ರು, ಉತ್ತರ ನನಗೆ ಗೊತ್ತಿರ್ಲಿಲ್ಲ ಅಷ್ಟೇ.

ಇವತ್ತಿನ ಪಾಠ ಇದರಲ್ಲೇ ಇದೆ. ನಾವೆಲ್ಲ ಮೊದಲು ಮಾಡಿಫೈ ಮಾಡ್ತೀವಿ, ಆಮೇಲೆ ಮೆಂಟೆನೆನ್ಸ್ ನೋಡ್ತೀವಿ, ಟೋಯಿಂಗ್ ಬಗ್ಗೆ ಗಾಡಿ ನಿಂತ ಮೇಲೆ ಯೋಚಿಸ್ತೀವಿ. ಈ ಆರ್ಡರ್ ಉಲ್ಟಾ ಆಗ್ಬೇಕು.

ಮೊದಲು ಮೆಂಟೆನೆನ್ಸ್: ರಬ್ಬರು, ಆಯಿಲ್ಲು, ಬ್ರೇಕು

ಹಳೇ ಪರ್ಫಾರ್ಮೆನ್ಸ್ ಕಾರು ತಗೊಂಡ್ರೆ ಮೊದಲ ಖರ್ಚು ರಬ್ಬರ್ ಮೇಲೆ ಹೋಗ್ಲಿ. ಕೂಲೆಂಟ್ ಹೋಸ್, ಬೆಲ್ಟ್, ಟೈರ್. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ ನೋಡಿ. "2319" ಅಂತಿದ್ರೆ 2019ನೇ ಇಸವಿಯ 23ನೇ ವಾರ ತಯಾರಾಗಿದ್ದು ಅಂತ ಅರ್ಥ. ಗ್ರಿಪ್ ಚೆನ್ನಾಗಿ ಕಾಣ್ತಿದ್ರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿರುತ್ತೆ.

ಎರಡನೇದು ಎಂಜಿನ್ ಆಯಿಲ್. ಟರ್ಬೊ ತುಂಬಾ ಬಿಸಿ ಆಗುತ್ತೆ, ಅದನ್ನ ಕಾಪಾಡೋದೇ ಆಯಿಲ್. ಜೋರಾಗಿ ಓಡಿಸಿ ಬಂದ ಮೇಲೆ ತಕ್ಷಣ ಕೀ ತಿರುಗಿಸಿ ಆಫ್ ಮಾಡ್ಬೇಡಿ. ಕೊನೇ ಒಂದೆರಡು ಕಿ.ಮೀ. ನಿಧಾನಕ್ಕೆ ಬನ್ನಿ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಕಂಪನಿ ಹೇಳಿದ ಗ್ರೇಡ್ ಆಯಿಲ್ಲೇ ಹಾಕಿಸಿ. ಗಾಡಿನ ದುಡಿಸೋರು ಕಂಪನಿ ಹೇಳಿದ ಗಡುವಿಗಿಂತ ಮುಂಚೇನೇ ಬದಲಾಯಿಸೋದು ಒಳ್ಳೇದು.

ಮೂರನೇದು ಬ್ರೇಕ್ ಫ್ಲೂಯಿಡ್. ಇದನ್ನ ಯಾರೂ ನೋಡಲ್ಲ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿರೋ ತೇವಾನ ಹೀರ್ಕೊಳ್ಳುತ್ತೆ. ನೀರು ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತೆ. ನಂದಿ ಬೆಟ್ಟ 1,478 ಮೀಟರ್ ಎತ್ತರ. ಅಲ್ಲಿಂದ ಇಳಿವಾಗ ಉದ್ದಕ್ಕೂ ಬ್ರೇಕ್ ಒತ್ಕೊಂಡೇ ಬಂದ್ರೆ ಫ್ಲೂಯಿಡ್ ಕುದ್ದು, ಗುಳ್ಳೆ ಎದ್ದು, ಪೆಡಲ್ ಸ್ಪಂಜ್ ಥರ ಕೆಳಗೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಇಳಿಜಾರಲ್ಲಿ ಕಡಿಮೆ ಗೇರಲ್ಲಿ ಇಳೀರಿ.

ಇನ್ನೊಂದು ನಮ್ಮ ಕಡೆಯ ವಿಷಯ ಧೂಳು. ಚಿಕ್ಕಬಳ್ಳಾಪುರ ಸುತ್ತಮುತ್ತ ಕಲ್ಲು ಕ್ವಾರಿ, ಕ್ರಷರ್ ಎಷ್ಟಿವೆ ಅಂತ ನಿಮಗೇ ಗೊತ್ತು. ಸೌಂಡ್ ಚೆನ್ನಾಗಿ ಬರುತ್ತೆ ಅಂತ ಓಪನ್ ಏರ್ ಫಿಲ್ಟರ್ ಹಾಕಿಸಿದ್ರೆ, ಧೂಳು ತಡೆಯೋ ಕೆಲಸ ಕಮ್ಮಿಯಾಗಿ ಎಂಜಿನ್‌ಗೆ ಮಣ್ಣು ತಿನ್ನಿಸಿದ ಹಾಗೆ. ಕಂಪನಿ ಏರ್ ಬಾಕ್ಸ್ ಇರಲಿ, ಫಿಲ್ಟರ್ ಬೇಗ ಬೇಗ ಬದಲಾಯಿಸಿ.

ಮಾಡಿಫಿಕೇಶನ್: ಕಾನೂನು, ಹಂಪು, ಹುರುಳಿ ಕಣ

ಕಾನೂನು ಮೊದಲು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್‌ಗೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಕೇರಳದಿಂದ ಹೋಗಿದ್ದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳ್ತು. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಸೇರಿತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಓನರ್‌ಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. "ಪ್ರತಿ ಬದಲಾವಣೆಗೆ" ಅನ್ನೋದನ್ನ ಗಮನಿಸಿ. ಎಕ್ಸಾಸ್ಟ್‌ಗೆ ಬೇರೆ, ಇನ್ನೊಂದಕ್ಕೆ ಬೇರೆ.

ಬಣ್ಣ ಬದಲಾಯಿಸ್ಬೇಕಾ? ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಿ. ನಮ್ಮ ಜಿಲ್ಲೇಲಿ ಕೆಎ 40 ಚಿಕ್ಕಬಳ್ಳಾಪುರ, ಕೆಎ 67 ಚಿಂತಾಮಣಿ. ನಿಮ್ಮ ಗಾಡಿ ಯಾವುದಕ್ಕೆ ಸೇರುತ್ತೋ ಅಲ್ಲಿ ಹೋಗಿ. ರೀಮ್ಯಾಪ್, ದೊಡ್ಡ ಟರ್ಬೊ, ಎಕ್ಸಾಸ್ಟ್ ಇವನ್ನ ಇನ್ಶೂರೆನ್ಸ್ ಕಂಪನಿಗೆ ಹೇಳದೆ ಮಾಡಿಸಿದ್ರೆ, ಕ್ಲೇಮ್ ಟೈಮಲ್ಲಿ ಅವರ ಕೈಗೆ ನೀವೇ ಕಾರಣ ಕೊಟ್ಟ ಹಾಗೆ. ವಾರಂಟಿ ಕಥೆನೂ ಅಷ್ಟೆ.

ಇನ್ನು ನಮ್ಮ ರಸ್ತೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ನಾಲ್ಕೂ ಒಂದೇ ಹೈವೇ ಮೇಲೆ ದಾರದಲ್ಲಿ ಪೋಣಿಸಿದ ಹಾಗಿವೆ, ಹಳೇ 234. ಊರು ಬಂದ್ರೆ ಹಂಪು. ಲೋ ಮಾಡಿದ ಗಾಡಿ ಪ್ರತಿ ಹಂಪಿಗೂ ಹೊಟ್ಟೆ ಉಜ್ಜುತ್ತೆ, ಆಯಿಲ್ ಸಂಪ್ ಇರೋದು ಅಲ್ಲೇ.

ಹಂಪಿಗಿಂತ ದೊಡ್ಡ ಭಯ ಸುಗ್ಗಿಯಲ್ಲಿ. ರಾಗಿ, ಹುರುಳಿ ಕಟಾವಾದ ಮೇಲೆ ರಸ್ತೆ ಮೇಲೆ ಹರಡ್ತಾರೆ. ಗಾಡಿಗಳು ಓಡಾಡಿದ್ರೆ ಕಾಳು ಬಿಡುತ್ತೆ ಅಂತ. ಎತ್ತರದ ಗಾಡಿಗೆ ಅದೇನೂ ಅಲ್ಲ. ನೆಲದಿಂದ ಒಂದು ಗೇಣು ಎತ್ತರದಲ್ಲಿರೋ ಟರ್ಬೊ ಕಾರಿಗೆ ಆ ಒಣ ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ಕೊಂಡು ಬಿಸಿ ಎಕ್ಸಾಸ್ಟ್‌ಗೆ ತಾಗಿದ್ರೆ ಬೆಂಕಿ. ಪಕ್ಕದಲ್ಲಿ ಜಾಗ ಇದ್ರೆ ಬಳಸ್ಕೊಂಡು ಹೋಗಿ. ಹತ್ತಲೇಬೇಕಾದ್ರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ.

ಸ್ಪೀಡ್ ನೋಡಲೇಬೇಕು ಅನ್ನೋರಿಗೆ ಒಂದೇ ಮಾತು: ಟ್ರ್ಯಾಕ್‌ಗೆ ಹೋಗಿ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ, ಕೊಯಮತ್ತೂರಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇವೆ. ರಸ್ತೆ ಮೇಲೆ ರೇಸ್ ಹಾಕಿದ್ರೆ ಸೆಕ್ಷನ್ 189, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000ದವರೆಗೆ ದಂಡ ಅಥವಾ ಎರಡೂ. ಅದಕ್ಕಿಂತ ಹೆಚ್ಚಾಗಿ, ಎದುರಿಗೆ ಟೊಮ್ಯಾಟೊ ತುಂಬ್ಕೊಂಡು ಬರೋ ಗಾಡಿಯವನು ನಿಮ್ಮ ರೇಸಿಗೆ ಎಂಟ್ರಿ ಕೊಟ್ಟಿಲ್ಲ.

ಟೋಯಿಂಗ್: ಓಡೋ ಚಕ್ರ ಯಾವುದು?

ಈಗ ಮುಖ್ಯ ವಿಷಯ. ಒಂದೇ ಪ್ರಶ್ನೆ ನೆನಪಿಟ್ಕೊಳ್ಳಿ: ಎಂಜಿನ್ ಯಾವ ಚಕ್ರ ತಿರುಗಿಸುತ್ತೆ? ಆ ಚಕ್ರ ನೆಲ ಬಿಟ್ಟು ಮೇಲೆ ಇರ್ಬೇಕು.

ಫ್ರಂಟ್ ವೀಲ್ ಡ್ರೈವ್, ಅಂದ್ರೆ ನಮ್ಮ ಬಹುತೇಕ ಹ್ಯಾಚ್‌ಬ್ಯಾಕ್, ಸೆಡಾನ್: ಮುಂದುಗಡೆ ಎತ್ತಬೇಕು. ರಿಯರ್ ವೀಲ್ ಡ್ರೈವ್, ಉದಾಹರಣೆಗೆ ಹಿಂದಿನ ಚಕ್ರ ಓಡೋ ಬಿಎಂಡಬ್ಲ್ಯು, ಮರ್ಸಿಡಿಸ್: ಹಿಂದೆ ಎತ್ತಬೇಕು. ಆಡಿ ಕ್ವಾಟ್ರೊ, ಮಿತ್ಸುಬಿಷಿ ಇವೊ ಥರ ನಾಲ್ಕೂ ಚಕ್ರ ಓಡೋ ಗಾಡಿ, ಮತ್ತೆ ಎಲೆಕ್ಟ್ರಿಕ್ ಕಾರು: ಫ್ಲಾಟ್‌ಬೆಡ್ ಮಾತ್ರ, ನಾಲ್ಕು ಚಕ್ರನೂ ಲಾರಿ ಮೇಲೆ.

ಯಾಕೆ ಹೀಗೆ? ಎಂಜಿನ್ ಆಫ್ ಇದ್ದಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಆಯಿಲ್ ಸರಿಯಾಗಿ ಓಡಾಡಲ್ಲ. ಚಕ್ರ ಮಾತ್ರ ಉರುಳ್ತಾ ಒಳಗಿನ ಭಾಗಗಳನ್ನ ಒಣಗಿದ ಹಾಗೇ ತಿರುಗಿಸುತ್ತೆ. ಹಿಂದೆ ಎತ್ತಿ ಎಳೆದ್ರೆ ಮುಂದಿನ ಚಕ್ರ ಉಲ್ಟಾ ಉರುಳುತ್ತೆ, ಗೇರ್‌ಗಳೂ ಉಲ್ಟಾ. ಫೋಕ್ಸ್‌ವ್ಯಾಗನ್, ಸ್ಕೋಡಾದ ಡಿಎಸ್‌ಜಿ ಕಾರುಗಳ ಮ್ಯಾನುವಲ್‌ನಲ್ಲಿ ಸಾಮಾನ್ಯವಾಗಿ ಇರೋ ಸೂಚನೆ ಇದು: ಹಗ್ಗ ಕಟ್ಟಿ ಎಳೆಯೋದಾದ್ರೆ ಗೇರ್ ನ್ಯೂಟ್ರಲ್‌ನಲ್ಲಿರಲಿ, ಗಂಟೆಗೆ 50 ಕಿ.ಮೀ. ಸ್ಪೀಡು ಮೀರ್ಬೇಡಿ, 50 ಕಿ.ಮೀ. ದೂರ ಮೀರ್ಬೇಡಿ. 50-50 ಅಂತ ನೆನಪಿಟ್ಕೊಳ್ಳಿ. ನಿಮ್ಮ ಕಾರಿನ ಮ್ಯಾನುವಲ್‌ನಲ್ಲಿ ಏನಿದೆಯೋ ಅದೇ ಫೈನಲ್.

ಟೋಯಿಂಗ್ ಹುಕ್ ಇವತ್ತೇ ಹುಡುಕಿ. ಎಷ್ಟೋ ಯುರೋಪಿಯನ್ ಕಾರುಗಳಲ್ಲಿ ಅದು ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದ್ರೆ ಬಿಗಿಯಾಗುತ್ತೆ. ಮಾಮೂಲಿ ಸ್ಕ್ರೂ ಅಂದ್ಕೊಂಡು ಬಲಕ್ಕೆ ತಿರುಗಿಸ್ತಾ "ಕೂರ್ತಾ ಇಲ್ಲ" ಅಂತ ಬಿಸಾಕಿದೋರನ್ನ ನಾನೇ ನೋಡಿದೀನಿ. ಬಾಡಿ ಕಿಟ್ ಹಾಕಿಸಿದ್ರೆ ಆ ತೂತು ಮುಚ್ಚಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ಫ್ಲಾಟ್‌ಬೆಡ್‌ಗೆ ಫೋನ್ ಮಾಡ್ವಾಗ ಮೊದಲೇ ಹೇಳಿ: ಗಾಡಿ ಲೋ ಇದೆ, ಆಟೊಮ್ಯಾಟಿಕ್, ಇಂಥ ಚಕ್ರ ಓಡುತ್ತೆ, ಬ್ಯಾಟರಿ ಇದೆಯೋ ಇಲ್ವೋ. ಬ್ಯಾಟರಿ ಸತ್ರೆ ಎಷ್ಟೋ ಆಟೊಮ್ಯಾಟಿಕ್ ಗಾಡಿಗಳಲ್ಲಿ ಲಿವರ್ 'ಪಿ'ನಲ್ಲೇ ಲಾಕ್ ಆಗುತ್ತೆ. ಅದನ್ನ ಬಿಡಿಸೋದು ಹೇಗೆ ಅಂತ ಮ್ಯಾನುವಲ್‌ನಲ್ಲಿ ನೋಡಿರಿ. ಹತ್ತಿಸ್ವಾಗ ಮುಂದಿನ ಲಿಪ್ ತಾಗದ ಹಾಗೆ ಎರಡು ಮರದ ಹಲಗೆ ಇಡಿಸಿ. ಬೆಲ್ಟ್ ಚಕ್ರಕ್ಕೆ ಕಟ್ಟಿಸಿ, ಸಸ್ಪೆನ್ಶನ್‌ಗಲ್ಲ.

ಹಗ್ಗದಲ್ಲೇ ಎಳೀಬೇಕಾದ ಪರಿಸ್ಥಿತಿ ಬಂದ್ರೆ, ಎರಡು ಗಾಡಿ ನಡುವೆ 5 ಮೀಟರ್‌ಗಿಂತ ಹೆಚ್ಚು ಅಂತರ ಬೇಡ, ಹಿಂದಿನ ಗಾಡಿಗೆ 'ಆನ್ ಟೋ' ಅನ್ನೋ ಬೋರ್ಡ್ ಬೇಕು. ಎಂಜಿನ್ ಆಫ್ ಇದ್ರೆ ಸ್ಟೀರಿಂಗು, ಬ್ರೇಕು ಎರಡೂ ಕಲ್ಲಿನ ಥರ ಗಟ್ಟಿ ಇರುತ್ತೆ ಅನ್ನೋದೂ ನೆನಪಿರಲಿ.

ಗಾಡಿಗಿಂತ ಮೊದಲು ನೀವು

2023ರ ಅಕ್ಟೋಬರ್ 26, ಬೆಳಗ್ಗೆ. ಚಿಕ್ಕಬಳ್ಳಾಪುರದ ಹತ್ತಿರ 44ನೇ ಹೈವೇಲಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಹಿಂದಿನಿಂದ ಗುದ್ದಿ 13 ಜನ ತೀರ್ಕೊಂಡ್ರು. ಮಂಜು ಕವಿದಿತ್ತು. ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಹೈವೇಲಿ ನಿಂತ ಗಾಡಿ ಅಂದ್ರೆ ಏನು ಅಂತ ಅವತ್ತು ಇಡೀ ಜಿಲ್ಲೆ ನೋಡ್ತು.

ಅದಕ್ಕೆ ಗಾಡಿ ಕೆಟ್ರೆ ಮೊದಲು ಎಡಕ್ಕೆ, ಆದಷ್ಟು ರಸ್ತೆ ಬಿಟ್ಟು ಕೆಳಗೆ. ಹಜಾರ್ಡ್ ಲೈಟ್ ಆನ್. ವಾರ್ನಿಂಗ್ ಟ್ರಯಾಂಗಲ್ ಹಿಂದೆ ದೂರದಲ್ಲಿಡಿ. ಎಲ್ಲರೂ ಇಳಿದು ತಡೆಗೋಡೆ ಆಚೆ ನಿಂತ್ಕೊಳ್ಳಿ. ಬಾನೆಟ್ ಎತ್ತಿ ಸೆಲ್ಫಿ ತಗೊಳ್ಳೋ ಟೈಮ್ ಅದಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ರೆ 1033ಕ್ಕೆ ಫೋನ್ ಮಾಡಿ, ಹೆದ್ದಾರಿ ಪ್ರಾಧಿಕಾರದ 24 ಗಂಟೆಯ ಸಹಾಯವಾಣಿ. ಯಾರಿಗಾದ್ರೂ ಪೆಟ್ಟಾಗಿದ್ರೆ 112.

ಕೊನೇಲಿ ಬಿ.ಕಾಂ ಲೆಕ್ಕ

ಇನ್ಶೂರೆನ್ಸ್ ಇದೆಯಲ್ಲ, ಟೋಯಿಂಗ್ ಫ್ರೀ ಅಂತ ನಾನೂ ಅಂದ್ಕೊಂಡಿದ್ದೆ. ಸ್ಟ್ಯಾಂಡರ್ಡ್ ಖಾಸಗಿ ಕಾರು ಪಾಲಿಸಿಯಲ್ಲಿ ಗಾಡಿ ಸಾಗಿಸೋಕೆ ಕೊಡೋದು ಒಂದು ಅಪಘಾತಕ್ಕೆ 1,500 ರೂಪಾಯಿವರೆಗೆ ಮಾತ್ರ. ಅದೂ ಅಪಘಾತಕ್ಕೆ. ಕೆಟ್ಟು ನಿಂತಿದ್ದಕ್ಕೆ ರೋಡ್‌ಸೈಡ್ ಅಸಿಸ್ಟೆನ್ಸ್ ಆಡ್‌ಆನ್ ಬೇಕು. ಅದ್ರಲ್ಲಿ ಎರಡು ಸಾಲು ಓದಿ: ಎಷ್ಟು ಕಿ.ಮೀ.ವರೆಗೆ, ಮತ್ತೆ ಫ್ಲಾಟ್‌ಬೆಡ್ ಕೊಡ್ತಾರಾ.

ನಾನೀಗ ಕಾರಿಗೆ ಅಂತ ಒಂದು ಅಕೌಂಟ್ ಇಟ್ಟಿದೀನಿ. ತಿಂಗಳು ತಿಂಗಳು ಒಂದಿಷ್ಟು ಹಾಕ್ತೀನಿ. ಮೊದಲು ಅದರಿಂದ ಸರ್ವಿಸ್, ಆಮೇಲೆ ಟೋಯಿಂಗ್‌ಗೆ ಅಂತ ಮುಟ್ಟದೆ ಇಡೋ ದುಡ್ಡು. ಇವೆರಡೂ ತುಂಬಿದ ಮೇಲೆ ಉಳಿದ್ರೆ ಮಾಡಿಫಿಕೇಶನ್. ಲೋವರಿಂಗ್ ಸ್ಪ್ರಿಂಗ್ ಬಿಚ್ಚಿಸಿ ಮಾರಿದೆ, ಲಿಪ್ ಕಿತ್ತುಹಾಕಿದೆ. ಡಿಕ್ಕಿಲಿ ಟೋಯಿಂಗ್ ಹುಕ್, ಹಗ್ಗ, ಟ್ರಯಾಂಗಲ್, ಎರಡು ಹಲಗೆ ಇವೆ.

ಮೊನ್ನೆ ಅಪ್ಪನ ಪಿಕಪ್ ಕ್ಲಚ್ ಹೋಗಿ ಗೂಡಿನ ಮಾರ್ಕೆಟ್ ದಾರೀಲಿ ನಿಂತಿತ್ತು. ಫೋನ್ ಮಾಡಿದ್ರು. ನಾನು ಹಗ್ಗ ತಗೊಂಡು ಹೋದೆ. ಅಪ್ಪ ಏನೂ ಹೇಳಲಿಲ್ಲ, ಡಿಕ್ಕಿ ಒಳಗೆ ಒಂದು ಸಲ ಇಣುಕಿ ನೋಡಿದ್ರು ಅಷ್ಟೆ.

ಈ ಸಂಚಿಕೆ ಕೇಳಿ ಮುಗಿಸಿದ ಕೂಡಲೇ ಹೋಗಿ ನಿಮ್ಮ ಡಿಕ್ಕಿ ತೆಗೆದು ನೋಡಿ, ಆ ಕೊಕ್ಕೆ ಇದೆಯಾ ಅಂತ. ಇಲ್ಲದಿದ್ರೆ ಈ ವಾರವೇ ತರಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಹುಷಾರಾಗಿ ಓಡ್ಸಿ.